ಹುಲಿಗೆವ್ವನ ದನಿಯ ಕ್ಯಾಸೆಟ್

ನಾನೊಂದು ಕ್ಯಾಸೆಟ್. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ರೆಕಾರ್ಡಿಂಗ್ ಕೋಣೆಯಲ್ಲಿ. ಚೌಡಿಕೆ ನುಡಿಸಿ ಹಾಡುತ್ತಿದ್ದ ಹುಲಿಗೆವ್ವ ಅಂದು ವಾದ್ಯವನ್ನು ಬಾಗಿಲ ಹೊರಗೇ ಇಟ್ಟು ಬಂದಿದ್ದಳು. ತಾನೇ ಕಟ್ಟಿದ ಪದ್ಯಗಳನ್ನು ಹಾಡುವುದಿಲ್ಲ, ಬರೀ ಮಾತಿನಲ್ಲಿ ಹೇಳುತ್ತೇನೆ ಎಂದಳು.

"ಚೌಡಿಕಿ ಇಲ್ದ ಇದನ್ನ ಯಾರ ಕೇಳ್ತಾರಬೇ?" ಎಂದ ಕಂಪನಿಯ ಮಾಲೀಕ.

"ಹಾಡಿದ್ರ ಮಂದಿ ಕುಣಿತಾರ್ರೀ. ಮಾತಾಡಿದ್ರ ಕೇಳ್ತಾರ."

ಯಾರೂ ಕೇಳಲಿಲ್ಲ. ಮಾಲೀಕ ನನ್ನ ಒಡಹುಟ್ಟಿದವರ ಮೇಲೆಲ್ಲ ಸಿನಿಮಾ ಹಾಡು ತುಂಬಿ ಮಾರಿದ. ಹುಲಿಗೆವ್ವನ ಸೆರಗಿನಲ್ಲಿ ಮನೆಗೆ ಬಂದ ನಾನೊಂದೇ ಉಳಿದೆ. ನನಗೆ ಸ್ವಲ್ಪ ಜಂಬವೂ ಬಂತು.

ಕೆಲವು ವರ್ಷಗಳಲ್ಲಿ ಅವಳ ಗಂಟಲಲ್ಲಿ ಹುಣ್ಣಾಯಿತು. ಡಾಕ್ಟರು ಜೀವ ಉಳಿಸಿ ದನಿ ತೆಗೆದುಕೊಂಡರು. ಆಮೇಲೆ ದಿನಾ ಸಂಜೆ ನನ್ನನ್ನು ಹಚ್ಚಿ, ನನ್ನ ಮಾತಿಗೆ ಸರಿಯಾಗಿ ತುಟಿ ಆಡಿಸುತ್ತಿದ್ದಳು. ಪಕ್ಕದ ಮನೆಯವಳು ಜಗಳಕ್ಕೆ ಬಂದರೆ ತಕ್ಕ ಪದ್ಯ ಹುಡುಕಿ ಜೋರಾಗಿ ಕೇಳಿಸುತ್ತಿದ್ದಳು.

ಹೀಗಿರುವಾಗ ಜಾನಪದ ಸಂಘದವರು ಮನೆಗೇ ಬಂದು ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. "ನನ್ನ ಭಾಷಣ ಟೇಪ್ ಮಾಡ್ಕೋರಿ, ನೆನಪಿಗಿರ್ತೈತಿ" ಎಂದರು ಅಧ್ಯಕ್ಷರು.

ಬಹಳ ದಿನದ ಮೇಲೆ ಊರಿಗೆ ಬಂದಿದ್ದ ಶಿಷ್ಯೆ ದ್ಯಾಮವ್ವ ನನ್ನನ್ನು ಕೈಗೆತ್ತಿಕೊಂಡಳು. ಬೆರಳು ತಾಗಿ ತಾಗಿ ನನ್ನ ಮೇಲಿನ ಚೀಟಿಯ ಅಕ್ಷರ ಅಳಿಸಿಹೋಗಿತ್ತು. ತಾಲೀಮಿನ ಕ್ಯಾಸೆಟ್ಟೆಂದುಕೊಂಡಳು. ಮೇಲೆ ಬೇರೇನೂ ತುಂಬದಿರಲೆಂದು ನನ್ನ ಬೆನ್ನಿನಲ್ಲಿ ಎರಡು ಕಿಂಡಿ ಬಿಟ್ಟಿದ್ದರು. ಅವುಗಳಿಗೆ ಕಾಗದದ ಉಂಡೆ ತುರುಕಿದರೆ ಮತ್ತೆ ತುಂಬಬಹುದು. ಹಳೇ ಕ್ಯಾಸೆಟ್ಟುಗಳಲ್ಲಿ ತಾಲೀಮು ತುಂಬಿಕೊಳ್ಳಲು ತನ್ನ ಮೇಳದವರಿಗೆ ಈ ಉಪಾಯ ಕಲಿಸಿದವಳು ಹುಲಿಗೆವ್ವನೇ. ದ್ಯಾಮವ್ವ ಅಚ್ಚುಕಟ್ಟಾಗಿ ತುರುಕಿದಳು.

ಹುಲಿಗೆವ್ವ ನೋಡಿದಳು. ದಡಬಡಿಸಿ ಎದ್ದಳು, ಎರಡೂ ಕೈ ಬೀಸಿದಳು, ಬಾಯಿ ತೆರೆದಳು.

"ಅವ್ವಗ ಸಂತೋಷ ತಡಿಯಾಕ ಆಗವಲ್ದು. ಕುಂದರ್ಸ್ರಿ" ಎಂದರು ಅಧ್ಯಕ್ಷರು.

ಇಬ್ಬರು ಭುಜ ಹಿಡಿದು ಕುರ್ಚಿಗೆ ಒತ್ತಿದರು. ಮಂದಿ ಚಪ್ಪಾಳೆ ಹೊಡೆದರು.

"ಇಂಥಾ ದನಿ ನಮ್ಮ ನಾಡಿನಾಗ ಇನ್ನೊಂದಿಲ್ಲ" ಎಂದು ಅಧ್ಯಕ್ಷರು ಶುರು ಮಾಡಿದರು. ಅವರ ಒಂದೊಂದು ಮಾತಿಗೂ ನನ್ನೊಳಗಿನ ಅವಳ ಒಂದೊಂದು ಮಾತು ಹೋಯಿತು. ನನಗೆ ಅಳು ಬಂತು, ಆದರೆ ನಾನು ಅಧ್ಯಕ್ಷರನ್ನೇ ತುಂಬಿಕೊಳ್ಳುತ್ತಿದ್ದೆ. ಒಂದು ಬದಿ ಮುಗಿದ ಕೂಡಲೇ ದ್ಯಾಮವ್ವ ಮುತುವರ್ಜಿಯಿಂದ ನನ್ನನ್ನು ಮಗುಚಿ ಹಾಕಿದಳು. ಅಧ್ಯಕ್ಷರಿಗೆ ಹೇಳುವುದು ಇನ್ನೂ ಇತ್ತು.

ಮರುದಿನ ಹುಲಿಗೆವ್ವ ನನ್ನನ್ನು ಹಚ್ಚಿ ಎರಡೂ ಬದಿ ಕೊನೆಯವರೆಗೆ ಕೇಳಿದಳು. ಎಲ್ಲಾದರೂ ಒಂದು ಸಾಲು ಉಳಿದೀತೆಂದು ಕಾದಳು. ಉಳಿದಿರಲಿಲ್ಲ. ನನ್ನ ರೀಲನ್ನೆಲ್ಲ ಹೊರಗೆಳೆದು, ಅಂಗಳದಲ್ಲಿ ಒಣಹಾಕಿದ ಜೋಳದ ಮೇಲೆ ಗೂಟದಿಂದ ಗೂಟಕ್ಕೆ ಕಟ್ಟಿದಳು.

ಈಗ ನಾನು ಬಿಸಿಲಲ್ಲಿ ಮಿಂಚುತ್ತ ಗಾಳಿಗೆ ಪಟಪಟ ಎನ್ನುತ್ತೇನೆ. ಗುಬ್ಬಿಗಳು ಹೆದರಿ ಹಾರಿಹೋಗುತ್ತವೆ. ಅವಕ್ಕೆ ಹುಶ್ ಎನ್ನಲೂ ಅವಳಿಗೆ ದನಿಯಿಲ್ಲ, ಅಷ್ಟಕ್ಕೆ ನಾನು ಬೇಕು. ಅವಳು ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿರುತ್ತಾಳೆ. ತುಟಿ ಮಾತ್ರ ಆಡಿಸುವುದಿಲ್ಲ.