ಓಡಿದವನಿಗೆ ಬೆಂಚು

ಈ ಕಥೆ ಹೇಳುವ ಯೋಗ್ಯತೆ ನಿನಗಿದೆಯೇ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸುತ್ತೇನೆ. ದಯವಿಟ್ಟು ಕ್ಷಮಿಸಿ. ನನಗೆ ಆಟವೂ ಬಾರದು, ಮನಸ್ಸಿನ ವಿಚಾರವೂ ತಿಳಿಯದು. ಸಂಜೆ ಕಾಲೇಜಿನಲ್ಲಿ ಓದಿದವನೆಂಬ ಒಂದೇ ತಪ್ಪಿಗೆ ನಮ್ಮ ಬೀದಿಯ ಗಂಡಸರು ನನ್ನನ್ನು ತಂಡದ ಕಾರ್ಯದರ್ಶಿ ಮಾಡಿದರು.

ನಮ್ಮದು ಬೀದಿಯ ಸಭಾಂಗಣದೊಳಗೆ ಆಡುವ ನಡಿಗೆಯ ಫುಟ್‌ಬಾಲ್. ಎಲ್ಲರ ಮಂಡಿಯೂ ಮುಷ್ಕರ ಹೂಡುವ ವಯಸ್ಸಿನದಾದ್ದರಿಂದ ಓಡುವಂತಿಲ್ಲ. ಓಡಿದವನು ಗೋಡೆ ಪಕ್ಕದ ಬೆಂಚಿನಲ್ಲಿ ಕೂತು, ಮನೆಯಲ್ಲಿ ಹೇಳಲಾಗದ ಒಂದು ನಿಜ ಹೇಳಬೇಕು. ಆಮೇಲೆ ಮತ್ತೆ ಆಟಕ್ಕೆ. ಈ ಶಿಕ್ಷೆ ಹೊರಟದ್ದು ಸೀಟಿ ಊದುವ ಬಸ್ ಡ್ರೈವರಣ್ಣನ ತಲೆಯಿಂದ. ಮೊದಮೊದಲು ಎಲ್ಲರೂ ಹೆದರಿ ನಡೆದರು. ಬರಬರುತ್ತಾ, ಚೆಂಡು ಈ ಕಡೆ ಇದ್ದರೆ ಆ ಕಡೆಗೆ ಸುಮ್ಮನೆ ಓಡುವವರು ಹೆಚ್ಚಾದರು. ಕ್ಷೌರದಂಗಡಿಯವನಂತೂ ಒಂದು ಸಂಜೆ ಬಾಗಿಲಿಂದಲೇ ಓಡಿಬಂದು ಬೆಂಚಿಗೆ ಬಿದ್ದ.

"ಅಪ್ಪ ಹೋದಾಗ ನಾನು ಅಳ್ಲಿಲ್ಲ ಕಣ್ರೋ. ಈಗ ಗಿರಾಕಿ ಗಡ್ಡ ಹೆರೀವಾಗ ಅಳು ಬರುತ್ತೆ!"

"ಕತ್ತು ಉಳೀತಲ್ಲ, ಆ ಗಿರಾಕಿ ಪುಣ್ಯವಂತ!" ಎಂದ ಡ್ರೈವರಣ್ಣ. ಎಲ್ಲರೂ ನಕ್ಕರು. ಕ್ಷೌರದವನೂ ಅತ್ತುಕೊಂಡೇ ನಕ್ಕ.

ಬೆಂಚು ಮುಟ್ಟದವರು ನನ್ನ ಭಾವ ಒಬ್ಬರೇ. ಕೆಲಸ ಮಾಡುತ್ತಿದ್ದ ಮುದ್ರಣಾಲಯ ಮುಚ್ಚಿದಂದಿನಿಂದ ಅವರ ಬಾಯಿಯೂ ಮುಚ್ಚಿತ್ತು.

"ಮೊದ್ಲು ಗೋಡೆ ಜೊತೆನಾದ್ರೂ ಜಗಳ ಆಡ್ತಿದ್ರು ಕಣೋ," ಎನ್ನುತ್ತಿದ್ದಳು ಅಕ್ಕ. "ಈಗ ಗೋಡೆ ಜೊತೆನೂ ಟೂ ಬಿಟ್ಟಿದಾರೆ. ಆಟ ಅಂದ್ರೆ ಮಾತ್ರ ಕುರ್ಚಿಯಿಂದ ಏಳೋದು. ಅದೊಂದನ್ನ ನಿಲ್ಲಿಸ್ಬೇಡ, ನಿನ್ನ ದಮ್ಮಯ್ಯ."

ಆದರೆ ಅದು ನಿಲ್ಲುವುದರಲ್ಲಿತ್ತು. ಇನ್ನು ಬಾಡಿಗೆ ಇಲ್ಲದೆ ಬೀಗದಕೈ ಕೊಡುವುದಿಲ್ಲ ಎಂದು ಸಭಾಂಗಣದವರು ಹೇಳಿಬಿಟ್ಟಿದ್ದರು. ಗಂಡಸರ ಮನಸ್ಸು ಹಗುರ ಮಾಡುವ ಆಟಗಳಿಗೆ ಅನುದಾನ ಕೊಡುವ ಸಂಸ್ಥೆಯೊಂದಕ್ಕೆ ನಾನು ಅರ್ಜಿ ಹಾಕಿದೆ. ಕಣ್ಣಾರೆ ನೋಡಿಯೇ ಕೊಡುವವರು ಅವರು. ಅವರ ಅಧಿಕಾರಿ ಬಂದರು. ಕೈಯಲ್ಲಿ ಕೊಡೆ, ಮುಖದಲ್ಲಿ ನಗುವಿಲ್ಲ.

ಹೆದರಿಕೆಯಿಂದ ನಾನು, "ಇವತ್ತೊಂದು ದಿನ ನಿಯಮ ಮುರೀಬೇಡಿ" ಎಂದು ಎಲ್ಲರಿಗೂ ಕೈಮುಗಿದಿದ್ದೆ. ಅಲ್ಲೇ ಎಡವಟ್ಟಾಯಿತು. ಒಬ್ಬನೂ ಓಡಲಿಲ್ಲ! ಹೊಸ ಚಪ್ಪಲಿ ಕಚ್ಚಿದವರಂತೆ ಎಲ್ಲರೂ ಮೆಲ್ಲಮೆಲ್ಲನೆ ಕಾಲೆತ್ತಿಟ್ಟರು. ಬೆಂಚು ಖಾಲಿ ಬಿದ್ದಿತ್ತು.

"ಮನಸ್ಸು ಬಿಚ್ಚಿ ಮಾತಾಡ್ತಾರೆ ಅಂತ ಬರ್ದಿದ್ರಲ್ಲ?" ಎಂದರು ಅಧಿಕಾರಿ.

"ಮಾತಾಡ್ತಾರೆ ಮೇಡಂ. ಆದ್ರೆ... ತಪ್ಪು ಮಾಡಿದ್ರೆ ಮಾತ್ರ."

"ಇವರು ತಪ್ಪೇ ಮಾಡ್ತಿಲ್ಲವಲ್ಲ!"

ಅವರು ಕೊಡೆ ಹಿಡಿದು ಎದ್ದರು.

ಆಗ ಭಾವ ಓಡಿದರು. ಅಂಥಿಂಥ ಓಟವಲ್ಲ. ಹೊಟ್ಟೆ ಮುಂದೆ, ಅವರು ಹಿಂದೆ. ದಾರಿಗಡ್ಡ ಬಂದ ಕ್ಷೌರದವನನ್ನು ಒಂದು ಸುತ್ತು ತಿರುಗಿಸಿ, ಚೆಂಡನ್ನು ತಮ್ಮದೇ ತಂಡದ ಗೋಲಿಗೆ ನುಗ್ಗಿಸಿ, ಸೀಟಿ ಮೊಳಗುವ ಮೊದಲೇ ಬೆಂಚಿನಲ್ಲಿ ಕೂತುಬಿಟ್ಟರು.

"ಆಟ ಇಲ್ಲದ ದಿನಾನೂ ನಾನು ಶೂ ಹಾಕ್ಕೊಂಡೇ ಕೂತಿರ್ತೀನಿ," ಎಂದರು ಏದುಸಿರು ಬಿಡುತ್ತಾ. "ಅವಳು ಕೇಳಿದ್ರೆ ಕಾಲಿಗೆ ಚಳಿ ಅಂತೀನಿ. ಚಳಿ ಅಲ್ಲ. ಯಾರಾದ್ರೂ ಎಲ್ಲಿಗಾದ್ರೂ ಕರೀಬಹುದು ಅಂತ."



"ನಾಳೆ ಬೆಳಿಗ್ಗೆನೇ ಅಂಗಡಿಗೆ ಬನ್ನಿ ಭಾವಯ್ಯ!" ಎಂದು ಕೂಗಿದ ಕ್ಷೌರದವನು. "ನನ್ನ ಹರಟೆ ಕೇಳಿ ಕೇಳಿ ಕನ್ನಡಿಗೂ ಬೇಜಾರಾಗಿದೆ!"

ಭಾವ ನಕ್ಕರು. ಆ ನಗು ಎಷ್ಟು ಕರ್ಕಶವೆಂಬುದೇ ನನಗೆ ಮರೆತುಹೋಗಿತ್ತು. ಕಟ್ಟೆ ಒಡೆದಂತೆ ಉಳಿದವರೂ ಓಡತೊಡಗಿದರು. ಬೆಂಚಿನಲ್ಲಿ ಜಾಗಕ್ಕೆ ನೂಕುನುಗ್ಗಲು, ಒಬ್ಬರ ತೊಡೆಯ ಮೇಲೊಬ್ಬರು. ಚೆಂಡು ಉರುಳುತ್ತಾ ಅಧಿಕಾರಿಯ ಕಾಲಬಳಿ ಬಂತು. ಅವರು ಅತ್ತಿತ್ತ ನೋಡಿದರು. ಕೊಡೆ ಎಸೆದರು. ನಾಲ್ಕು ಹೆಜ್ಜೆ ಓಡಿ ಝಾಡಿಸಿ ಒದ್ದರು!

ಡ್ರೈವರಣ್ಣ ಸೀಟಿ ಊದಿದ. "ಮೇಡಂ, ಓಡಿದ್ರಿ! ಬೆಂಚಿಗೆ ನಡೀರಿ!"

ಭಾವ ಸರಿದು ಜಾಗ ಕೊಟ್ಟರು. ಅಧಿಕಾರಿ ಕೂತು, ಕೆಂಪಾದ ಮುಖ ಒರೆಸಿಕೊಂಡು, "ನಂಗೆ ಬೇರೆಯವ್ರ ಆಟ ನೋಡೋ ಕೆಲಸ ಸಾಕಾಗೋಗಿದೆ," ಎಂದರು.

ಅನುದಾನ ಬಂತು. ಭಾವ ಈಗ ಕ್ಷೌರದಂಗಡಿಯಲ್ಲಿ ಕೂತು, ಅಂಗಡಿಯವನೇ ಬಾಯಿ ಮುಚ್ಚುವಷ್ಟು ಮಾತಾಡುತ್ತಾರೆ. ಆದರೆ ಅಂದು ಅವರು ತಂಡ ಉಳಿಸಲೆಂದು ಓಡಿದರೋ, ಇನ್ನು ತಡೆಯಲಾರದೆ ಓಡಿದರೋ? ಕೇಳಿದರೆ, "ನೀನೂ ಒಂದ್ಸಲ ಓಡು, ಆಮೇಲೆ ಹೇಳ್ತೀನಿ" ಎನ್ನುತ್ತಾರೆ. ನನಗೆ ಇನ್ನೂ ಧೈರ್ಯ ಬಂದಿಲ್ಲ. ಹಾಗಾಗಿ ಅದು ನನಗೆ ಗೊತ್ತಿಲ್ಲ.