ಬೂದುಗಿಳಿ ಕಲಿತ ಕೆಮ್ಮು

ಗಡಿಯಾರ ರಿಪೇರಿಯವನಿಗೆ ಮೊದಲು ಅನುಮಾನ ಬಂದದ್ದು ಗಿಳಿಗಳ ಮೇಲಲ್ಲ, ತನ್ನ ಕಣ್ಣಿನ ಮೇಲೆ. ಮೂವತ್ತು ವರ್ಷದಿಂದ ಕೈಗಡಿಯಾರಗಳ ಹೊಟ್ಟೆ ಬಿಚ್ಚಿ ಮುಚ್ಚಿದ ಮನುಷ್ಯ. ಅವನ ಕೈಯಿಂದ ಹೋದ ಗಡಿಯಾರ ತಿರುಗಿ ಬಂದದ್ದು ಕಡಿಮೆ. ಆ ತಿಂಗಳು ಮೂರು ಬಂದವು. ಮೂರನೆಯದನ್ನು ಬಿಚ್ಚಿ, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದ. ಎಣ್ಣೆ ಬಿಟ್ಟ ಜಾಗದಲ್ಲೆಲ್ಲ ಮೈದಾಹಿಟ್ಟಿನಂಥ ನಯವಾದ ಬಿಳಿ ಪುಡಿ ಕೂತು, ಹಲ್ಲುಚಕ್ರ ಕಚ್ಚಿಕೊಂಡಿತ್ತು.

ಪೇಟೆಯ ಅಂಗಡಿಯಲ್ಲಿ ಲಾರಿ ಹೋದಾಗಲೆಲ್ಲ ಮೇಜು ನಡುಗುತ್ತದೆಂದು ಸೂಕ್ಷ್ಮದ ಕೆಲಸವನ್ನು ಅವನು ಮನೆಗೆ ತಂದು, ನಡುಮನೆಯ ಕಿಟಕಿ ಪಕ್ಕ ಕೂತು ಮಾಡುತ್ತಿದ್ದ. ಅದೇ ನಡುಮನೆಯ ಇನ್ನೊಂದು ಗೋಡೆಗೆ ನಾಲ್ಕು ಪಂಜರಗಳಿದ್ದವು. ಎರಡರಲ್ಲಿ ಬೂದುಬಣ್ಣದ ಗಿಳಿಗಳು, ಎರಡರಲ್ಲಿ ಜುಟ್ಟಿನ ಬಿಳಿ ಗಿಳಿಗಳು. ಬಿಳಿಯವು ಒಮ್ಮೆ ಮೈ ಕೊಡವಿದರೆ ಸಾಕು, ಬಿಸಿಲುಕೋಲಿನಲ್ಲಿ ಪುಡಿ ಹೊಗೆಯ ಹಾಗೆ ಏಳುತ್ತಿತ್ತು. ಅವೆರಡಕ್ಕೂ ಅವನು ಸೇರಿಸಿಯೇ ಹಿಟ್ಟಿನ ಗಿರಣಿ ಎಂದು ಹೆಸರಿಟ್ಟಿದ್ದ.

ಗಿಳಿಗಳು ಹೆಂಡತಿಯ ಅಣ್ಣನವು. ಅವನು ಹಡಗುಗಳಲ್ಲಿ ಅಡುಗೆ ಮಾಡಿಕೊಂಡಿದ್ದು, ಕೊನೆಗೆ ಒಂದು ಕೋಣೆಯ ಮನೆಯಲ್ಲಿ ಈ ನಾಲ್ಕು ಹಕ್ಕಿಗಳ ಜೊತೆ ನೆಲೆನಿಂತ ಒಂಟಿ ಜೀವ. ಹೋದ ವರ್ಷ ತೀರಿಕೊಂಡ. ಸೇದಿ ಸೇದಿ ಶ್ವಾಸಕೋಶ ಕೆಡಿಸಿಕೊಂಡ ಎಂದು ನೆಂಟರೆಲ್ಲ ಮಾತಾಡಿಕೊಂಡರು. ತಂಗಿ ಪಂಜರಗಳನ್ನು ಮನೆಗೆ ತಂದಳು. ಬೂದುಗಿಳಿಗಳಲ್ಲಿ ದೊಡ್ಡದಕ್ಕೆ ಸಾಹೇಬ ಎಂದು ಹೆಸರು. ಬೆಳಗಾಗೆದ್ದರೆ ಅದು ಸತ್ತವನ ದನಿಯಲ್ಲಿ, ಅದೇ ಎಳೆತದಲ್ಲಿ, "ತಂಗೀ, ತಿಂಡಿ ಆಯ್ತಾ?" ಅನ್ನುತ್ತಿತ್ತು. ಅವಳು ಒಲೆಯ ಮುಂದಿನಿಂದಲೇ "ಆಯ್ತಣ್ಣ" ಅನ್ನುತ್ತಿದ್ದಳು. ಮೊದಲ ದಿನ ಅದನ್ನು ಕೇಳಿ ಗಡಿಯಾರದವನ ಮೈ ಜುಮ್ಮೆಂದಿತ್ತು. ಆಮೇಲೆ ಅಭ್ಯಾಸವಾಯಿತು.

ಪುಡಿ ಕಂಡ ದಿನದಿಂದ ಅವನು ನಿಂತಲ್ಲಿ ನಿಲ್ಲಲಿಲ್ಲ. ಪೊರಕೆ ಹಿಡಿದರೆ ಪುಡಿ ಏಳುತ್ತದೆಂದು ಪೊರಕೆಯನ್ನೇ ಹಿತ್ತಿಲಿಗೆ ಎಸೆದ. ದಿನಕ್ಕೆ ಎರಡು ಸಲ ಒದ್ದೆಬಟ್ಟೆಯಲ್ಲಿ ನೆಲ ಒರೆಸಿದ. ಪರದೆ ಕಿತ್ತ, ಜಮಖಾನೆ ಸುತ್ತಿ ಅಟ್ಟಕ್ಕೆ ಹಾಕಿದ. ಗಾಳಿ ಸೋಸುವ ಯಂತ್ರ ತಂದು ಪಂಜರಗಳ ಎದುರಿಗಿಟ್ಟ. ಅದರ ಬಿಳಿ ಜಾಲರಿ ವಾರದೊಳಗೆ ಪುಡಿ ಕೂತು ಕಂಬಳಿಯಷ್ಟು ದಪ್ಪಗಾಯಿತು. ಗಿಳಿಗಳಿಗೆ ಬೆಳಿಗ್ಗೆ ಬೆಳಿಗ್ಗೆ ನೀರು ಚಿಮುಕಿಸಿ ಸ್ನಾನ ಮಾಡಿಸಿದ. ಬಿಳಿಯವು ಕುಣಿದವು. ಸಾಹೇಬ ಅವಮಾನವಾದವನ ಹಾಗೆ ಗೋಡೆಗೆ ಮುಖ ತಿರುಗಿಸಿ ಕೂತ.

"ಸಾಕು ಬಿಡ್ರಿ, ಮನೆಯೇನು ಆಪರೇಷನ್ ಥಿಯೇಟರಾ?" ಎಂದಳು ಹೆಂಡತಿ.

"ಗಡಿಯಾರ ನಿಂತ್ಹೋಗ್ತಿವೆ."

"ನೀವೂ ಒಂದ್ನಿಮಿಷ ನಿಂತ್ಕೊಂಡ್ರೆ ಏನಾಗುತ್ತೆ?"

ಅವಳದು ಬಸ್ ನಿಲ್ದಾಣದಲ್ಲಿ ಕೆಲಸ. ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಹೇಳುವುದು. ಹೊಸದಾಗಿ ಪರಿಚಯವಾದವರು ಅವಳು ಬಾಯಿ ಬಿಟ್ಟೊಡನೆ, "ಓ, ಬಸ್ಸಿನ ದನಿ ನೀವೇನಾ!" ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಕೆಲಸಕ್ಕೆ ಹೋಗಿದ್ದಳು. ಅವನು ಮೇಜಿನ ಮುಂದೆ ಉಸಿರು ಬಿಗಿಹಿಡಿದು ಕೂದಲೆಳೆಯಂಥ ಸ್ಪ್ರಿಂಗನ್ನು ಕೂರಿಸುತ್ತಿದ್ದ. ಬೆನ್ನ ಹಿಂದೆ ಯಾರೋ ಕೆಮ್ಮಿದರು. ಒಣಕೆಮ್ಮು, ಒಂದರ ಬೆನ್ನಿಗೊಂದು ಮೂರು ಸಲ. ಆಮೇಲೆ ಬಾವಿಯಿಂದ ಕೊಡ ಎಳೆದ ಹಾಗೆ ಒಂದು ಉದ್ದ ಉಸಿರು. ಅವನು ತಿರುಗಿದ. ಸಾಹೇಬ ತಲೆ ಓರೆ ಮಾಡಿ ಅವನನ್ನೇ ನೋಡುತ್ತಿದ್ದ. ಮತ್ತೆ ಕೆಮ್ಮಿದ.

ಸ್ಪ್ರಿಂಗು ಎಲ್ಲಿಗೆ ಹಾರಿತೋ, ಸಿಗಲೇ ಇಲ್ಲ.

ಸಂಜೆ ಹೆಂಡತಿಗೆ ಹೇಳಿದ. ಅವಳು ಚಪ್ಪಲಿ ಬಿಡುತ್ತ, "ಅದು ಅಣ್ಣನ ಕೆಮ್ಮುರೀ. ಕೊನೇ ವರ್ಷ ಹಂಗೇ ಕೆಮ್ತಿದ್ದ. ಸಾಹೇಬ ಈಗ ನೆನಪು ಮಾಡ್ಕೊಂಡಿದೆ" ಎಂದಳು. ಹೌದಿರಬಹುದು ಎಂದುಕೊಂಡ. ಆದರೂ ಮನಸ್ಸಿನಲ್ಲಿ ಏನೋ ಕೊರೆಯುತ್ತಲೇ ಇತ್ತು. ಭಾವ ಸತ್ತು ಒಂದು ವರ್ಷವಾಯಿತು. ಇಷ್ಟು ದಿನ ಕೆಮ್ಮದ ಹಕ್ಕಿ ಈಗೇಕೆ ಕೆಮ್ಮಬೇಕು?

ಅಂದಿನಿಂದ ಮನೆಯ ಸದ್ದುಗಳಿಗೆ ಅವನ ಕಿವಿ ನೆಟ್ಟಗಾಯಿತು. ಹೆಂಡತಿ ಮಹಡಿಯಿಂದ ಬಟ್ಟೆ ತರಲು ಹೋದರೆ ಮೆಟ್ಟಿಲ ನಡುವೆ ಎರಡು ಸಲ ನಿಲ್ಲುತ್ತಿದ್ದಳು. ರವಿಕೆಯ ತೋಳು ಸಡಿಲವಾಗಿತ್ತು. ಬಚ್ಚಲಿಗೆ ಹೋದರೆ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಡುತ್ತಿದ್ದಳು. ಆ ಭಾನುವಾರ ಅವಳು ಬಚ್ಚಲಿಗೆ ಹೋದಾಗ ಅವನು ಹೆಜ್ಜೆ ಸದ್ದಾಗದಂತೆ ಹೋಗಿ ಬಾಗಿಲಿಗೆ ಕಿವಿಯಿಟ್ಟ. ನೀರಿನ ಸದ್ದಿನ ಅಡಿಯಲ್ಲಿ ಕೇಳಿಸಿತು. ಮೂರು ಕೆಮ್ಮು, ಬಾವಿಯಿಂದ ಕೊಡ ಎಳೆದಂಥ ಉಸಿರು.

ಅವಳು ಬಾಗಿಲು ತೆಗೆದಾಗ ಅವನು ಅಲ್ಲೇ ನಿಂತಿದ್ದ.

"ಎಷ್ಟು ದಿನದಿಂದ?"

"ಏನು?"

"ನನ್ನ ಹತ್ರ ನಾಟಕ ಬೇಡ. ಎಷ್ಟು ದಿನದಿಂದ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಲ್ಕೈದು ತಿಂಗಳಾಯ್ತೇನೋ. ಸಂಜೆ ಹೊತ್ತು ಸ್ವಲ್ಪ ಜ್ವರ. ನಿಮಗೆ ಹೇಳಿದ್ರೆ ಮೊದಲು ಗಿಳಿಗಳನ್ನ ಸಾಗಿಸ್ತೀರ. ಗೊತ್ತಿತ್ತು ನಂಗೆ."

ಶ್ವಾಸಕೋಶದ ಡಾಕ್ಟರಮ್ಮ ಮಾತಿಗೆ ಮೊದಲು ಕೇಳಿಸಿಕೊಳ್ಳುವ ಹೆಂಗಸು. ಅವಳ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ತುಂಬ ಹೊತ್ತು ಆಲಿಸಿದರು. ರಕ್ತ, ಸ್ಕ್ಯಾನು ಎಲ್ಲ ಮುಗಿಸಿಕೊಂಡು ಮೂರು ದಿನದ ಮೇಲೆ ಮತ್ತೆ ಹೋದಾಗ, "ಮನೇಲಿ ಹಕ್ಕಿ ಸಾಕಿದ್ದೀರಾ?" ಎಂದು ಕೇಳಿದರು.

"ನಾಲ್ಕು ಗಿಳಿ" ಎಂದ ಅವನು. "ಪುಡಿ ಕಂಡಾಗಿನಿಂದ ದಿನಾ ಒರೆಸ್ತೀನಿ. ಯಂತ್ರಾನೂ ಇಟ್ಟಿದ್ದೀನಿ."

"ಸಾಮಾನ್ಯ ಅಲರ್ಜಿ ಆಗಿದ್ರೆ, ಸೀನು, ಕಣ್ತುರಿಕೆ ಅಷ್ಟೇ ಆಗಿದ್ರೆ, ಒರೆಸಿ ಗುಡಿಸಿ ಹೇಗೋ ನಿಭಾಯಿಸ್ಬಹುದಿತ್ತು. ಇದು ಹಾಗಲ್ಲ. ರೆಕ್ಕೆ ಪುಡಿ ಒಳಗೆ ಹೋದಾಗೆಲ್ಲ ಇವರ ಶ್ವಾಸಕೋಶ ಊದ್ಕೊಳ್ತಿದೆ. ಒಂದ್ಕಡೆ ಗಾಯ ಒಣಗಿ ಕಲೆ ಕಟ್ಟೋಕೂ ಶುರುವಾಗಿದೆ. ಕಲೆ ಕಟ್ಟಿದ್ದು ಹೋಗಲ್ಲ. ಊತ ಇಳಿಯುತ್ತೆ, ಆದ್ರೆ ಹಕ್ಕಿಗಳು ಇವರಿರೋ ಮನೇಲಿ ಇರಬಾರ್ದು."

ಗಡಿಯಾರದವನು ಕುರ್ಚಿಯ ತುದಿಗೆ ಬಂದ. "ಇವಳ ಅಣ್ಣನೂ ಹೀಗೇ ಕೆಮ್ತಿದ್ದ ಡಾಕ್ಟರಮ್ಮ. ಇದೇ ಗಿಳಿಗಳು. ಸಣ್ಣ ಕೋಣೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅವರನ್ನ ನಾನು ನೋಡಿಲ್ಲ. ಈಗ ಏನೂ ಹೇಳೋಕಾಗಲ್ಲ."

ಹೊರಗೆ ಬಂದ ಮೇಲೆ ಹೆಂಡತಿ ಬಾಯಿ ಬಿಟ್ಟಳು. "ಅಣ್ಣ ಸೇದ್ತಿದ್ದ, ಅದಕ್ಕೇ ಹೋದ. ಗಿಳಿಗಳ ಮೇಲೆ ಯಾಕೆ ಹಾಕ್ತೀರಿ? ನಂಗೆ ಮಾತ್ರೆ ಕೊಟ್ಟಿದ್ದಾರಲ್ಲ, ತಗೋತೀನಿ. ಗಿಳಿಗಳು ಎಲ್ಲೂ ಹೋಗಲ್ಲ."

ಎರಡು ವಾರ ಹೀಗೇ ಜಗ್ಗಾಟ ನಡೆಯಿತು. ಮಾತ್ರೆ ತಿಂದು ಒಂದಿಷ್ಟು ಸುಧಾರಿಸಿದಂತೆ ಕಂಡಳು. ಆದರೆ ಸಾಹೇಬನ ಪಂಜರ ತೊಳೆದ ಸಂಜೆ ಮತ್ತೆ ಜ್ವರ ಬಂತು. ಅವನಿಗೆ ಊಟ ಸೇರದು, ಕೂತರೆ ಕಾಲು ಅಲ್ಲಾಡುವುದು ನಿಲ್ಲದು. ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗುವುದನ್ನೇ ಕಾದು, ಸಾಮಾನು ಸಾಗಿಸುವ ಗಾಡಿ ಕರೆಸಿ ನಾಲ್ಕೂ ಪಂಜರಗಳನ್ನು ತನ್ನ ಅಂಗಡಿಯ ಹಿಂದಿನ ಕೋಣೆಗೆ ಸಾಗಿಸಿದ. ಮಧ್ಯಾಹ್ನ ಬಂದು ಗೋಡೆ, ಸೂರು, ಕಿಟಕಿಯ ಸಂದು ಎಲ್ಲ ತೊಳೆದ.

ಅವಳು ಬಂದು ಖಾಲಿ ಗೋಡೆಯನ್ನು ನೋಡಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದ. ಕೂಗಾಡಿದ್ದರೆ ವಾಸಿಯಿತ್ತು.

"ನನ್ನನ್ನ ಒಂದ್ಮಾತು ಕೇಳ್ಲಿಲ್ಲ" ಎಂದಳು, ಅಷ್ಟೇ. ನಾಲ್ಕು ದಿನ ಮಾತು ಬಿಟ್ಟಳು. ತಟ್ಟೆಯನ್ನು ಮೇಜಿನ ಮೇಲೆ ಇಡುವ ಸದ್ದಿನಲ್ಲಿ ಮಾತ್ರ ಅವಳಿಗೆ ಹೇಳಬೇಕಾದದ್ದೆಲ್ಲ ಇತ್ತು. ಅವನಿಗೂ ತಪ್ಪು ಮಾಡಿದೆನೆಂದು ಗೊತ್ತಿತ್ತು, ಆದರೆ ಮತ್ತೆ ಅವಕಾಶ ಸಿಕ್ಕರೆ ಇದನ್ನೇ ಮಾಡುತ್ತೇನೆಂದೂ ಗೊತ್ತಿತ್ತು.

ಐದನೆಯ ದಿನ ಅವನು ಅಂಗಡಿಯಿಂದ ಬಂದಾಗ ಅವಳು ಬಾಗಿಲಲ್ಲೇ ಕೂತಿದ್ದಳು.

"ಹೋಗಿದ್ದೆ" ಎಂದಳು.

"ಎಲ್ಲಿಗೆ?"

"ನಿಮ್ಮ ಅಂಗಡಿಗೆ. ನೀವು ಗಡಿಯಾರದ ಸಾಮಾನು ತರೋಕೆ ಹೋಗಿರ್ತೀರ ಅಂತ ಗೊತ್ತಿತ್ತು. ಇನ್ನೊಂದು ಬೀಗದ ಕೈ ತಗೊಂಡು ಹೋಗಿದ್ದೆ. ನಾಲ್ಕನ್ನೂ ವಾಪಸ್ ತರೋಣ ಅಂತ." ಅವಳು ಉಸಿರು ಕೂಡಿಸಿಕೊಂಡಳು. "ಅಂಗಡಿಗೆ ಎಂಟು ಮೆಟ್ಲು. ಐದಕ್ಕೇ ಕೂತ್ಬಿಟ್ಟೆ ರೀ. ಕಣ್ಣು ಕತ್ತಲೆ ಬಂತು. ಒಳಗಿಂದ ಸಾಹೇಬ ಕೆಮ್ತು. ನಾನೂ ಕೆಮ್ದೆ. ಎರಡೂ ಒಂದೇ. ಒಂಚೂರೂ ವ್ಯತ್ಯಾಸ ಇರ್ಲಿಲ್ಲ."

ಅವನು ಅವಳ ಪಕ್ಕ ಕೂರಲು ಹೋಗಿ, ತನ್ನ ಅಂಗಿಗೆ ಅಂಟಿರಬಹುದಾದ ಪುಡಿಯ ನೆನಪಾಗಿ ತಟ್ಟನೆ ಹಿಂದೆ ಸರಿದ.

"ಅಣ್ಣ ನನ್ನ ಹತ್ರ ಎಷ್ಟು ಸಲ ಹೇಳಿದ್ದ ಗೊತ್ತಾ? 'ಸೇದೋದು ಬಿಟ್ಟು ಎರಡು ವರ್ಷ ಆಯ್ತು ತಂಗಿ, ಆದ್ರೂ ಕೆಮ್ಮು ಬಿಟ್ಟಿಲ್ಲ' ಅಂತ. ನಾನು ನಂಬ್ಲಿಲ್ಲ. ಕದ್ದು ಸೇದ್ತಾನೆ ಅಂದ್ಕೊಂಡೆ. ಬೈದೆ." ಅವಳು ಅತ್ತಳು. ಅಳುವಿನ ನಡುವೆ ಕೆಮ್ಮು, ಕೆಮ್ಮಿನ ನಡುವೆ ಅಳು. ಅವನು ಬಚ್ಚಲಿಗೆ ಓಡಿ, ಎರಡು ಚೊಂಬು ನೀರು ಸುರಿದುಕೊಂಡು, ಬೇರೆ ಅಂಗಿ ತೊಟ್ಟು, ಒದ್ದೆ ತಲೆಯಲ್ಲೇ ಬಂದು ಅವಳ ಪಕ್ಕ ಕೂತ. ಅಷ್ಟರಲ್ಲಿ ಅವಳು ಅತ್ತು ಮುಗಿಸಿದ್ದಳು.

"ಬಿಳಿಯವನ್ನ ಯಾರಿಗಾದ್ರೂ ಒಳ್ಳೆಯವರಿಗೆ ಕೊಡಿ" ಎಂದಳು. "ಬೂದುಗಿಳಿಗಳನ್ನ ಕೊಡ್ಬೇಡಿ. ಅವನ್ನ ನೀವೇ ನೋಡ್ಕೊಳ್ಳಿ. ನಿಮಗೆ ಅವುಗಳ ಮೇಲೆ ಪ್ರೀತಿ ಇಲ್ಲ ಅಂತ ಗೊತ್ತು. ಆದ್ರೂ."

ಊರಾಚೆ ದೊಡ್ಡ ಬಲೆಮನೆ ಕಟ್ಟಿಸಿ ಹಕ್ಕಿ ಸಾಕಿದ್ದ ತೋಟಗಾರ್ತಿಯೊಬ್ಬಳು ಬಿಳಿಯವನ್ನು ಸಂತೋಷದಿಂದ ಒಯ್ದಳು. ಬೂದುಗಿಳಿಗಳಿಗೆ ಅಂಗಡಿಯ ಹಿಂದಿನ ಕೋಣೆಯೇ ಮನೆಯಾಯಿತು. ಗಡಿಯಾರದವನು ಅಲ್ಲಿಗೆ ಹೋದೊಡನೆ ಮುಖಕ್ಕೆ ಮಾಸ್ಕು, ತಲೆಗೆ ಬಟ್ಟೆ, ಮೈಗೆ ನೀಲಿ ನಿಲುವಂಗಿ ಏರಿಸುತ್ತಾನೆ. ಪಂಜರ ತೊಳೆದು, ನೀರು ಚಿಮುಕಿಸಿ, ಕಾಳು ಹಾಕಿ, ಅಲ್ಲೇ ಮಿಂದು ಬಟ್ಟೆ ಬದಲಿಸುತ್ತಾನೆ. ಮನೆಯ ಹೊಸ್ತಿಲಿನಲ್ಲಿ ನಿಂತು ತನ್ನ ತೋಳನ್ನು ತಾನೇ ಮೂಸಿ ನೋಡಿಕೊಳ್ಳುತ್ತಾನೆ. ಕೆಲವು ದಿನ ಅನುಮಾನ ಬಂದು ಮತ್ತೊಮ್ಮೆ ಮೀಯುತ್ತಾನೆ.

ಮೂರು ತಿಂಗಳಲ್ಲಿ ಜ್ವರ ಹೋಯಿತು, ಕೆಮ್ಮು ಮುಕ್ಕಾಲು ಇಳಿಯಿತು. ಮಹಡಿ ಮೆಟ್ಟಿಲಲ್ಲಿ ಈಗ ಒಂದೇ ಸಲ ನಿಲ್ಲುತ್ತಾಳೆ. ಆ ಒಂದು ಸಲ ಇನ್ನು ಯಾವಾಗಲೂ ಇರುತ್ತದೆ ಎಂದಿದ್ದಾರೆ ಡಾಕ್ಟರಮ್ಮ. ದಿನವೂ ಅವಳದು ಒಂದೇ ವಿಚಾರಣೆ. ಏನು ತಿಂದವು, ಎಷ್ಟು ಬಿಟ್ಟವು, ಸಾಹೇಬ ಏನಂದ. ಒಂದು ದಿನ ಅವನು ತಡವರಿಸಿ, "ತಿಂಡಿ ಆಯ್ತಾ ಅಂತ ನನ್ನನ್ನೇ ಕೇಳ್ತು" ಎಂದ.

"ನೀವೇನಂದ್ರಿ?"

"ಆಯ್ತು ಭಾವ ಅಂದೆ. ಇನ್ನೇನನ್ಲಿ?"

ಅವಳು ನಕ್ಕಳು. ಆಮೇಲೆ ತಟ್ಟನೆ ನಗು ನಿಲ್ಲಿಸಿ ಅವನ ಮುಖ ದಿಟ್ಟಿಸಿದಳು. "ರೀ, ಬೆಳಿಗ್ಗೆ ನೀವು ಕೆಮ್ಮಿದ್ರಿ."

"ನೀರು ನೆತ್ತಿಗೇರಿತ್ತು."

"ನಾಳೆ ಡಾಕ್ಟರಮ್ಮನ ಹತ್ರ ಹೋಗೋಣ."

"ನೀರು ನೆತ್ತಿಗೇರಿತ್ತು ಅಂದ್ನಲ್ಲ!"

ಹೋದರು. ಅವನ ಎದೆಯ ಎಕ್ಸ್‌ರೇ ತೆಗೆಸಿ, ವರದಿಗೆ ಕಾಯಲು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಅವನು ಎದ್ದು ಕಿಟಕಿಯ ತನಕ ಹೋದ, ಬಂದ. ನೀರು ಕುಡಿದ. ಮತ್ತೆ ಕಿಟಕಿಯ ತನಕ ಹೋದ.

"ಬಂದು ಕೂತ್ಕೊಳ್ರಿ, ನೋಡಿ ನೋಡಿ ನಂಗೇ ಉಸಿರು ಕಟ್ಟುತ್ತೆ" ಎಂದಳು ಅವಳು.

ಒಳಗಿಂದ ನರ್ಸು ಬಂದು, ಏನೂ ತೊಂದರೆಯಿಲ್ಲವಂತೆ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಬೇಕಂತೆ ಎಂದು ಹೇಳಿ ಲಕೋಟೆ ಕೊಟ್ಟಳು. ಅವನು ಉಸ್ಸೆಂದು ಬೆಂಚಿನ ಮೇಲೆ ಕೂತ. ಅವಳು ಲಕೋಟೆಯನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಮುಚ್ಚುವಷ್ಟರಲ್ಲಿ ಅವನು ಮತ್ತೆ ಎದ್ದು ನಿಂತಿದ್ದ. ಗಿಳಿಗಳಿಗೆ ಕಾಳು ಹಾಕುವ ಹೊತ್ತು ಮೀರಿತ್ತು.