ಐದು ಸಲ ಬಿದ್ದ ಮೇಲೆ

ಯಾರ್ಕ್‌ಶೈರಿನ ನಮ್ಮೂರ ರಗ್ಬಿ ಲೀಗ್ ಮೈದಾನದಲ್ಲಿ ನಾನೂ ನನ್ನ ಹೆಂಡತಿ ಬೆರಿಲ್ಲೂ ನಲವತ್ತೊಂದು ವರ್ಷದಿಂದ ಒಂದೇ ಮೆಟ್ಟಿಲ ಮೇಲೆ ನಿಂತು ಆಟ ನೋಡಿದವರು. ಆ ಭಾನುವಾರ ಹೊರಡುವಾಗಲೇ ಅವಳು ಹೇಳಿಬಿಟ್ಟಳು: "ಇವತ್ತೂ ಆಕಳಿಕೆ ಬಂದ್ರೆ ಇದೇ ಕೊನೆ. ಆಮೇಲೆ ನೀನೊಬ್ನೇ ಹೋಗು."

ಅವಳ ಮಾತಿನಲ್ಲಿ ಹುರುಳಿತ್ತು. ದೊಡ್ಡ ತಂಡಗಳಲ್ಲಿ ಆಟವೇ ಸಂಬಳದ ಕೆಲಸವಾದ ಮೇಲೆ ಹುಡುಗರು ಗಟ್ಟಿಯಾದರು, ತಪ್ಪು ಕಡಿಮೆಯಾಯಿತು, ಆದರೆ ಅವರನ್ನು ನೋಡಿ ಎಲ್ಲರ ಆಟವೂ ಒಂದೇ ಅಚ್ಚಿನ ಇಟ್ಟಿಗೆಯಾಯಿತು. ಚೆಂಡು ಹಿಡಿದ ತಂಡ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಅದಕ್ಕೇ ಐದು ಸಲ ನುಗ್ಗಿ ಬೀಳುವುದು, ಆಮೇಲೆ ಚೆಂಡನ್ನು ದೂರ ಒದೆಯುವುದು.

ಅಂದು ಕಪ್ ಪಂದ್ಯ. ಎದುರಿಗೆ ಪೂರ್ತಿ ಸಂಬಳದ ದೊಡ್ಡ ತಂಡ. ನಮ್ಮವರು ದುಡಿದು ಬಂದು ಸಂಜೆ ಅಭ್ಯಾಸ ಮಾಡುವವರು. ಅವರಲ್ಲೊಬ್ಬ ಕ್ಯಾಲಮ್, ಕಸುಬಿನಲ್ಲಿ ಪ್ಲಂಬರ್. ಶುಕ್ರವಾರ ನಮ್ಮ ಅಡುಗೆಮನೆಯ ನಲ್ಲಿ ಬಿಚ್ಚಿಟ್ಟು ಹೋದವನು ಅದನ್ನು ಜೋಡಿಸಲು ಇನ್ನೂ ಬಂದಿರಲಿಲ್ಲ.

"ನುಗ್ತಾನೆ, ಬಿದ್ದ. ನುಗ್ತಾನೆ, ಬಿದ್ದ." ಬೆರಿಲ್ ಎಲ್ಲವನ್ನೂ ಮೊದಲೇ ಹೇಳುತ್ತಿದ್ದಳು. ಒಂದೂ ತಪ್ಪಲಿಲ್ಲ.

ಹಿಂದಿನ ಮೆಟ್ಟಿಲ ಡಗ್ ರೇಗಿದ: "ಏನ್ ತಾಯಿ, ಆಟ ನೋಡೋಕೆ ಬಂದ್ಯೋ, ಕಣಿ ಹೇಳೋಕೋ?"

ಕೊನೆಯ ನಿಮಿಷ. ನಾವು ಎರಡು ಅಂಕ ಹಿಂದೆ. ಐದು ಸಲ ಬಿದ್ದಾಗಿತ್ತು. ಚೆಂಡು ಕ್ಯಾಲಮ್ ಕೈಗೆ ಬಂತು.

"ಒದೀತಾನೆ. ನಡಿ, ಬಸ್ ತಪ್ಪತ್ತೆ." ಬೆರಿಲ್ ಫ್ಲಾಸ್ಕನ್ನು ಚೀಲಕ್ಕೆ ತುರುಕಿ ಬೆನ್ನು ತಿರುಗಿಸಿದಳು.

ದೊಡ್ಡ ತಂಡಕ್ಕೂ ಅದೇ ಬಾಯಿಪಾಠ. ಅವರ ಮೂವರು ಒದೆತ ಹಿಡಿಯಲು ಹಿಂದಕ್ಕೆ ಸರಿದರು. ಎಡಕ್ಕೆ ಗಾಡಿ ಹೋಗುವಷ್ಟು ಜಾಗ! ಕ್ಯಾಲಮ್ ಕಾಲೆತ್ತಿದ, ಒದೆಯಲಿಲ್ಲ, ಓಡಿದ! ಒಬ್ಬನನ್ನು ಭುಜದಿಂದ ಕೊಡವಿದ. ಇನ್ನೊಬ್ಬ ಅಂಗಿಗೆ ಜೋತುಬಿದ್ದ. ಅವನನ್ನೂ ಎಳೆದುಕೊಂಡೇ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದ. ನಾಲ್ಕು ಅಂಕ! ಗೆದ್ದೆವು! ನನ್ನ ಟೋಪಿ ಎತ್ತ ಹಾರಿತೋ, ಡಗ್ ನನ್ನನ್ನೇ ಎತ್ತಿಬಿಟ್ಟಿದ್ದ.

ಬೆರಿಲ್ ತಿರುಗುವಷ್ಟರಲ್ಲಿ ಕ್ಯಾಲಮ್ ಗೆಳೆಯರ ರಾಶಿಯಡಿ ಮುಚ್ಚಿಹೋಗಿದ್ದ.

"ಏನಾಯ್ತು? ಹೇಗೆ?"

"ಓಡಿದ ಕಣೇ! ಒದೀಲೇ ಇಲ್ಲ!"

"ಸುಳ್ಳು! ಎಲ್ಲಿ, ಪರದೆ ಮೇಲೆ ಇನ್ನೊಂದ್ಸಲ ತೋರಿಸ್ಲಿ."

ಡಗ್ ಬಿದ್ದು ಬಿದ್ದು ನಕ್ಕ. "ಪರದೆ ದೊಡ್ಡೋರ ಮೈದಾನದಲ್ಲಿರುತ್ತೆ ತಾಯಿ. ಇಲ್ಲಿ ಕಣ್ಣು ತಪ್ಪಿದ್ರೆ ಹೋಯ್ತು."

ಬಸ್ಸಿನಲ್ಲಿ ಆಟ ನೋಡಿ ಬಂದಿದ್ದ ಮೂವರು ಆ ಓಟವನ್ನು ಓಡಿ ತೋರಿಸಿದರು. ನಮ್ಮ ನಿಲ್ದಾಣ ಬಂದಾಗ ಬೆರಿಲ್ ಕೇಳಿದಳು:

"ಮುಂದಿನ ಭಾನುವಾರ ಎಷ್ಟೊತ್ತಿಗೆ ಆಟ?"

"ಮೂರಕ್ಕೆ."

"ಎರಡಕ್ಕೇ ಹೋಗಿ ನಿಂತ್ಕೊಳ್ಳೋಣ. ಆ ಫ್ಲಾಸ್ಕು ನೀನೇ ಹಿಡ್ಕೋ."